ನೆಲಮಾಳಿಗೆಯ ಕುಕ್ಕರಕ್ಕ

ಊರಿನ್ನೂ ಹೊದ್ದು ಮಲಗಿರುವ ಹೊತ್ತು. ದೊಡ್ಡಾಸ್ಪತ್ರೆಯ ಹಿಂಬದಿಯ ಇಳಿಜಾರಿನಲ್ಲಿ ಟ್ರಾಲಿಗಳು ಗಡಗಡ ಸದ್ದು ಮಾಡುತ್ತಾ ನೆಲಮಾಳಿಗೆಗೆ ಇಳಿಯುತ್ತಿವೆ. ಒಂದೊಂದರ ಮೇಲೂ ಆಳೆತ್ತರದ ಬಟ್ಟೆ ಮೂಟೆಗಳು. ಮೇಲಿನ ಮಹಡಿಗಳಲ್ಲಿ ನಿನ್ನೆ ಯಾರು ಹುಟ್ಟಿದರು, ಯಾರು ಹೋದರು, ಯಾರಿಗೆ ಹೊಲಿಗೆ ಬಿತ್ತು, ಯಾರ ಹೊಟ್ಟೆ ಕೆಟ್ಟಿತು, ಎಲ್ಲದರ ಗುರುತೂ ಆ ಮೂಟೆಗಳಲ್ಲಿದೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತ ನನ್ನನ್ನು ನೋಡಿ ಒಳಗಿನಿಂದ ಒಂದು ದನಿ ಬರುತ್ತದೆ. "ಮೂಗು ಬಿಡಿ ಮೇಡಂ. ಮುಚ್ಕೊಂಡಷ್ಟೂ ವಾಸನೆ ಜಾಸ್ತಿ ಹೊಡೆಯುತ್ತೆ. ಬಿಟ್ಟುಬಿಟ್ರೆ ಸ್ವಲ್ಪ ಹೊತ್ತಿಗೆ ಅದೂ ನಿಮ್ಮನ್ನ ಬಿಟ್ಟುಬಿಡುತ್ತೆ."

ದನಿಯ ಒಡತಿ ಈ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೊಳೆ ಬಟ್ಟೆ ಬೇರ್ಪಡಿಸುವ ಹೆಂಗಸು. ವಯಸ್ಸು ಐವತ್ತು ದಾಟಿದೆ. ಕುಳ್ಳಗಿನ ಗಟ್ಟಿ ಆಳು, ಗುಂಗುರು ಕೂದಲು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಪಾದದವರೆಗೆ ರಬ್ಬರ್ ಏಪ್ರನ್, ಮೊಣಕೈವರೆಗೆ ಗ್ಲೌಸ್. ಇಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ 'ಅಕ್ಕಾ', ಬೆನ್ನ ಹಿಂದೆ 'ಕುಕ್ಕರಕ್ಕ'. ಸೀಟಿ ಹೊಡೆಯುವ ಮುಂಚೆ ದೂರ ನಿಲ್ಲಬೇಕು, ಹೊಡೆದ ಮೇಲೆ ಏನೂ ತೊಂದರೆಯಿಲ್ಲ ಎಂಬುದು ಇಸ್ತ್ರಿ ಮಾಡುವವರ ವಿವರಣೆ. ಈ ಹೆಸರು ಅವರಿಗೂ ಗೊತ್ತು. "ಸುಳ್ಳೇನಲ್ಲವಲ್ಲ" ಎಂದು ನಗುತ್ತಾರೆ.

ಈಗ ಅವರು ಮೊದಲನೆಯ ಮೂಟೆಯ ಗಂಟು ಬಿಚ್ಚುತ್ತಿದ್ದಾರೆ. ನಾನು ಅಂದುಕೊಂಡಿದ್ದೇ ಬೇರೆ: ಕೈ ಹಾಕಿ ಬಾಚಿ ಬಾಚಿ ಎಸೆಯುವ ಕೆಲಸವಿರಬೇಕೆಂದು. ಇವರು ಮೂಟೆಯೊಳಗೆ ಕೈಯನ್ನೇ ಹಾಕುವುದಿಲ್ಲ. ಮೇಲಿನ ಬೆಡ್‌ಶೀಟಿನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಸ್ಟೀಲ್ ಮೇಜಿನ ಮೇಲೆ ತನ್ನಿಂದ ಆಚೆಗೆ ಎಳೆದು, ಒಂದು ಮಡಿಕೆ ಬಿಚ್ಚಿ, ನೋಡಿ, ಮತ್ತೊಂದು ಮಡಿಕೆ ಬಿಚ್ಚುತ್ತಾರೆ. ಮಲಗಿರುವ ಕೂಸಿನ ಮೇಲಿಂದ ಹೊದಿಕೆ ಸರಿಸುವ ತಾಯಿಯ ಕೈ ಹೀಗೆಯೇ ಇರುತ್ತದೆ. ಪೂರ್ತಿ ಹರಡಿದ ಮೇಲೆ ನಾಲ್ಕೂ ಮೂಲೆ ಸೇರಿಸಿ ಒಮ್ಮೆ ಕೊಡವಿ, ರಕ್ತದ ಕಲೆಯಿದ್ದರೆ ಒಂದು ತೊಟ್ಟಿಗೆ, ಇಲ್ಲದಿದ್ದರೆ ಇನ್ನೊಂದಕ್ಕೆ. ನಿಧಾನವೆಂದು ಕಾಣುತ್ತದೆ. ಆದರೆ ಪಕ್ಕದ ಮೇಜಿನಲ್ಲಿ ಬರಬರನೆ ಎಳೆಯುವವರಿಗಿಂತ ಇವರ ತೊಟ್ಟಿಯೇ ಮೊದಲು ತುಂಬುತ್ತದೆ.

"ಕೈ ತೂರಿಸಬಾರದು, ಬಿಚ್ಚಿ ನೋಡಬೇಕು. ಇಷ್ಟೇ ಇಲ್ಲಿಯ ವಿದ್ಯೆ" ಎನ್ನುತ್ತಾರೆ. ದಿನಕ್ಕೆ ಸಾವಿರಕ್ಕೂ ಹೆಚ್ಚು ಬಟ್ಟೆ ಈ ಮೇಜಿನ ಮೇಲೆ ಹಾದುಹೋಗುತ್ತದೆ. ಮಡಿಕೆಗಳಲ್ಲಿ ಏನೇನೋ ಸಿಗುತ್ತದೆ: ಕನ್ನಡಕ, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು, ಕತ್ತರಿ, ಮುರಿದ ಗಾಜು, ಹೊಲಿಗೆಯ ಬಾಗುಸೂಜಿ. ಹಲ್ಲುಸೆಟ್ಟಿಗಂತೂ ಲೆಕ್ಕವೇ ಇಲ್ಲ. "ಒಂದು ಸಲ ಒಂದೇ ದಿನ ಎರಡು ಸೆಟ್ ಸಿಕ್ತು. ವಾರ್ಡಿಗೆ ತಗೊಂಡು ಹೋದೆ. ಒಬ್ರು ತಾತ ಇದೇ ನಂದು ಅಂತ ಹಾಕ್ಕೊಂಡು ಬಾಯ್ತುಂಬ ನಕ್ರು. ಮಾರನೇ ದಿನ ಗೊತ್ತಾಯ್ತು, ಅವರದ್ದಲ್ಲ. ಕೇಳಿದ್ರೆ, ಇದು ನಂದಕ್ಕಿಂತ ಚೆನ್ನಾಗಿ ಕೂತ್ಕೊಳ್ಳುತ್ತಮ್ಮಾ, ಬಿಟ್ಟುಬಿಡು ಅಂದ್ರು." ಇಡೀ ಕೋಣೆ ನಗುತ್ತದೆ. ಎಷ್ಟನೆಯ ಸಲ ಕೇಳುತ್ತಿದ್ದಾರೋ, ನಗು ಮಾತ್ರ ಹೊಸದು.

ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಸುಲಭವಾಗಿ ಬರೆಯುತ್ತೇವೆ. ಈ ಕಾಯಿ ಇರುವುದು ನೆಲದಡಿಯಲ್ಲಿ. ಗುಣವಾಗಿ ಮನೆಗೆ ಹೋಗುವವರು ವೈದ್ಯರಿಗೆ ಕೈಮುಗಿಯುತ್ತಾರೆ, ನರ್ಸ್‌ಗೆ ಸಿಹಿ ಕೊಡುತ್ತಾರೆ. ಮೈಗೆ ಹತ್ತಿಕೊಂಡೇ ಇದ್ದ ಆ ಬಿಳಿ ಬಟ್ಟೆ ಎಲ್ಲಿಂದ ಬಂತೆಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿದವಳಲ್ಲ, ಈ ಇಳಿಜಾರು ಇಳಿಯುವ ತನಕ.

ಅಪ್ಪ ಬೇಗ ತೀರಿಕೊಂಡ ಮನೆ ಅವರದು. ಅಮ್ಮ ಮನೆಮನೆಗೆ ಹೋಗಿ ಬಟ್ಟೆ ಒಗೆದು ಸಾಕಿದವರು. "ನಮ್ಮಮ್ಮನಿಂದ ನಂಗೆ ಬಂದಿದ್ದು ಮೂರೇ. ಈ ಗುಂಗುರು ಕೂದಲು, ಈ ಕೆಲಸ, ಈ ಕೋಪ." ಏಳನೆಯ ತರಗತಿಗೆ ಶಾಲೆ ಮುಗಿಯಿತು. ಮದುವೆಯಾದದ್ದು ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವವರನ್ನು. ತಗಡು ಬಡಿಯುವ ಸದ್ದಿಗೆ ಅವರ ಒಂದು ಕಿವಿ ಮಂದವಾಗಿದೆ. "ನಮ್ಮ ಸಂಸಾರ ಉಳಿದಿದ್ದು ಆ ಕಿವಿಯಿಂದ. ನಾನು ಶುರು ಮಾಡಿದ ತಕ್ಷಣ ಆ ಕಿವಿ ನನ್ನ ಕಡೆ ತಿರುಗಿಸ್ಕೊಂಡು ಕೂತ್ಬಿಡ್ತಾರೆ." ಗಂಡನ ತಂಗಿಯೂ ಇದೇ ಮನೆಯಲ್ಲಿದ್ದಾರೆ, ಇದೇ ಲಾಂಡ್ರಿಯಲ್ಲಿ ಆಚೆ ಬದಿಯ ಮೇಜಿನಲ್ಲಿ ಒಗೆದ ಬಟ್ಟೆ ಮಡಚುತ್ತಾರೆ. ನಲವತ್ತೈದು ದಾಟಿದರೂ ಮನೆಯಲ್ಲೂ ಇಲ್ಲೂ ಅವರು 'ಪುಟ್ಟಿ'ಯೇ. ಮದುವೆ ಬೇಡವೆಂದು ಕೂತವರು, ಮಾತು ಕಡಿಮೆ. ಅವರ ಬಲಗೈಯ ಹೆಬ್ಬೆರಳು ಮಡಚುವುದಿಲ್ಲ. ಬಟ್ಟೆ ಮಡಚುವಾಗ ಅದೊಂದು ಬೆರಳು ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಏನಾಗಿತ್ತೆಂದು ಕೇಳಿದೆ. "ಬಟ್ಟೇಲಿ ಸೂಜಿ ಇತ್ತು. ಚುಚ್ತು" ಎಂದಷ್ಟೇ ಹೇಳಿ ಮತ್ತೊಂದು ಬೆಡ್‌ಶೀಟ್ ಎತ್ತಿಕೊಂಡರು.

ನಾನು ಹೋದ ಆ ಶುಕ್ರವಾರ ಲಾಂಡ್ರಿಯಲ್ಲಿ ಒಂದು ಪ್ರಶ್ನೆ ಎಲ್ಲರ ಬಾಯಲ್ಲಿತ್ತು. ಬೇರ್ಪಡಿಸುವ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ ಕೆಲಸ ಬಿಡುತ್ತಿದ್ದಾರೆ. ಆ ಜಾಗಕ್ಕೆ ಕುಕ್ಕರಕ್ಕನೇ ಬರಬೇಕೆಂದು ಮೇಲ್ವಿಚಾರಕರ ಹಟ. ಹೊಸದಾಗಿ ಸೇರುವ ಹೆಂಗಸರಿಗೆ ಮೂಟೆ ಬಿಚ್ಚುವುದನ್ನು ಕಲಿಸುವುದು ಆ ಜಾಗದ ಮುಖ್ಯ ಕೆಲಸ. ಇವರು ಆಗಲೇ ಒಮ್ಮೆ ಬೇಡವೆಂದಿದ್ದಾರೆ. ಮೇಲ್ವಿಚಾರಕರು ಸೋಮವಾರದವರೆಗೆ ಗಡುವು ಕೊಟ್ಟು, "ನೀವು ಒಪ್ಪದಿದ್ರೆ ಇಸ್ತ್ರಿ ಕಡೆಯವರನ್ನ ತಂದು ಹಾಕ್ಬೇಕಾಗುತ್ತಮ್ಮ. ಅವರಿಗೆ ಗಡಿಯಾರ ಗೊತ್ತು, ಮೂಟೆ ಗೊತ್ತಿಲ್ಲ" ಎಂದು ನನ್ನೆದುರಿಗೇ ಹೇಳಿದರು. ಇವರು ತಲೆ ಎತ್ತಲಿಲ್ಲ. "ನನ್ನ ಕೈಗೆ ಬಟ್ಟೆ ಕೊಡಿ ಸರ್, ಎಷ್ಟು ಬೇಕಾದ್ರೂ ಕೊಡಿ. ಜನರನ್ನ ಕೊಡಬೇಡಿ."

ಆಮೇಲೆ ಚಹಾ ಕುಡಿಯುವಾಗ ಯಾಕೆಂದು ಕೇಳಿದೆ. ಅವರು ಬಲು ಸಹಜವಾಗಿ ತಮ್ಮ ಮೇಲೆ ತಾವೇ ದೂರು ಹೇಳಿಕೊಂಡರು. "ನಾನು ಒಳ್ಳೆಯವಳಲ್ಲ ಮೇಡಂ. ನಮ್ರತೆಗೆ ಹೇಳ್ತಿಲ್ಲ, ಇರೋದು ಹೇಳ್ತಿದೀನಿ. ಕೋಪ ಮೂಗಿನ ತುದೀಲೇ ಇರುತ್ತೆ. ಪ್ರತಿ ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ, ಯೇಸಪ್ಪಾ, ಈ ವಾರ ಬಾಯಿಗೆ ಬೀಗ ಹಾಕು ಅಂತೀನಿ. ಸೋಮವಾರ ಮೊದಲನೇ ಟ್ರಾಲಿ ಬರೋ ಹೊತ್ತಿಗೆ ಬೀಗ ಎಲ್ಲೋ, ಕೀಲಿ ಎಲ್ಲೋ." ನಕ್ಕರು. ಲೋಟ ಕೆಳಗಿಟ್ಟರು. "ಇಷ್ಟು ವರ್ಷ ಕೇಳಿದ್ರೂ ಬದಲಾಗದೇ ಇರೋಳ ಪ್ರಾರ್ಥನೆ ಅವನಿಗಾದ್ರೂ ಯಾಕೆ ಬೇಕು ಅನ್ಸುತ್ತೆ. ಆದ್ರೂ ಹೋಗ್ತೀನಿ. ಹೋಗದೇ ಇದ್ರೆ ಇದಕ್ಕಿಂತ ಕೆಟ್ಟೋಳಾಗ್ತೀನಿ ಅಂತ ಗೊತ್ತು."

ಶನಿವಾರ ಕುಕ್ಕರ್ ಸೀಟಿ ಹೊಡೆಯಿತು. ವಾರದ ಹಿಂದೆ ಸೇರಿದ್ದ ಒಬ್ಬ ಹೊಸಬಳು ಪಕ್ಕದ ಮೇಜಿನಲ್ಲಿದ್ದಳು. ಚುರುಕಿನ ಹೆಂಗಸು, ಮನೆಯಲ್ಲಿ ಕಾಯಿಲೆಯ ತಾಯಿ. ಬೇಗ ಮುಗಿಸುವ ಆತುರದಲ್ಲಿ ಅವಳು ಒಂದು ಮೂಟೆಯೊಳಗೆ ಎರಡೂ ಕೈ ಮೊಣಕೈವರೆಗೆ ತೂರಿಸಿ ಬಾಚಲು ಹೋದಳು. ಕುಕ್ಕರಕ್ಕ ಮೇಜು ಸುತ್ತಿ ಹೋದದ್ದು ನನಗೆ ಕಾಣಿಸಲೇ ಇಲ್ಲ, ಅಷ್ಟು ಬೇಗ. ಫಟ್ಟನೆ ಅವಳ ತೋಳಿಗೆ ಹೊಡೆದರು. "ಸಾಯೋಕೆ ಬಂದಿದೀಯೇನೇ ಇಲ್ಲಿ? ಬಡ್ಕೋತಾನೇ ಇದೀನಿ, ಕಿವಿ ಮನೇಲಿಟ್ಟು ಬಂದಿದೀಯಾ? ತಲೇಲಿ ಏನು ತುಂಬ್ಕೊಂಡಿದೀಯ?" ಇನ್ನೂ ಏನೇನೋ ಅಂದರು. ಅದನ್ನೆಲ್ಲ ಇಲ್ಲಿ ಬರೆಯಲು ಬರುವುದಿಲ್ಲ.

ಹೊಸಬಳ ಕೈ ಮೇಜಿನ ಅಂಚಿಗೆ ತಗಲಿ ಕೆಂಪಗಾಗಿತ್ತು. ಅವಳು ಅಳಲಿಲ್ಲ. ಏಪ್ರನ್ ಬಿಚ್ಚಿ ಮೇಜಿನ ಮೇಲಿಟ್ಟಳು. "ನಾನು ಕೆಲಸಕ್ಕೆ ಬಂದಿದ್ದೆ ಅಕ್ಕಾ, ಹೊಡೆಸ್ಕೊಳ್ಳೋಕೆ ಅಲ್ಲ" ಎಂದು ಹೇಳಿ ಇಳಿಜಾರು ಹತ್ತಿ ಹೊರಟೇ ಹೋದಳು. ಕುಕ್ಕರಕ್ಕ ಆ ಮೂಟೆಯನ್ನು ತಮ್ಮ ಮೇಜಿಗೆ ಎಳೆದುಕೊಂಡು ಮಡಿಕೆ ಮಡಿಕೆಯಾಗಿ ಬಿಚ್ಚಿದರು. ಸೂಜಿಯಿದ್ದರೆ ಅವರ ಕೂಗಾಟಕ್ಕೊಂದು ಅರ್ಥ ಬರುತ್ತಿತ್ತು. ನಾನೂ ಅದನ್ನೇ ಕಾಯುತ್ತಿದ್ದೆನೆಂದು ಕಾಣುತ್ತದೆ. ಕೊನೆಯ ಮಡಿಕೆಯಲ್ಲಿ ಸಿಕ್ಕಿದ್ದು ಮಗುವಿನದೊಂದು ಕಾಲುಚೀಲ, ಅಷ್ಟೇ.

ಅವರು ಅದನ್ನು ಪಕ್ಕಕ್ಕಿಟ್ಟು, ಒಗೆದ ಬಟ್ಟೆ ಜೋಡಿಸಿಡುವ ಕೋಣೆಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹೋದೆ. ಛಾವಣಿಯವರೆಗೆ ಬಿಳಿ ಬಟ್ಟೆಯ ಸಾಲುಗಳು, ನಡುವೆ ಒಬ್ಬರು ನಿಲ್ಲುವಷ್ಟು ದಾರಿ. ಬಿಸಿ ಆರದ ಬೆಡ್‌ಶೀಟುಗಳಿಗೆ ಹಣೆಯಿಟ್ಟು ನಿಂತು ಅವರು ಪಿಸುಗುಡುತ್ತಿದ್ದರು. ಪ್ರಾರ್ಥನೆಯೆಂದು ಗೊತ್ತಾದದ್ದು 'ಯೇಸಪ್ಪಾ' ಎಂಬ ಮಾತು ಕೇಳಿದ ಮೇಲೆ. ಅಲ್ಲಿಯವರೆಗೆ ಯಾರೊಂದಿಗೋ ಜಗಳವಾಡುತ್ತಿದ್ದಾರೆ ಅಂದುಕೊಂಡಿದ್ದೆ. ನನ್ನನ್ನು ನೋಡಿ ಮುಖ ಒರೆಸಿಕೊಂಡರು. "ನೋಡಿದ್ರಾ? ಇದಕ್ಕೇ ಜನರನ್ನ ಕೊಡಬೇಡಿ ಅಂದಿದ್ದು." ಆಮೇಲೆ ಪುಟ್ಟಿಯ ಬೆರಳಿನ ಕಥೆ ಹೇಳಿದರು. ಹೇಳಿ, "ಇದನ್ನ ಬರೀಬೇಡಿ" ಎಂದರು. ಬರೆಯಲು ಒಪ್ಪಿಗೆ ಸಿಕ್ಕಿದ್ದು ಎರಡು ದಿನ ಬಿಟ್ಟು.

ಹದಿನಾರು ವರ್ಷದ ಹಿಂದಿನ ಮಾತು. ಆಗ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಮೇಜಿನ ಎರಡು ಬದಿಯಲ್ಲಿ ಮೂಟೆ ಬಿಚ್ಚುತ್ತಿದ್ದರು. ಒಂದು ಬೆಳಿಗ್ಗೆ ಮನೆಯಲ್ಲಿ ಜಗಳವಾಯಿತು. ಕಾರಣ ಕೇಳಿದರೆ ನಗು ಬರಬೇಕು: ನೀರಿನ ನಲ್ಲಿ ತೆರೆದಿಟ್ಟು ಡ್ರಮ್ಮು ಉಕ್ಕಿಹರಿದದ್ದು ಯಾರಿಂದ ಎಂದು. ದಾರಿಯುದ್ದಕ್ಕೂ ಮಾತಿಗೆ ಮಾತು ಬೆಳೆಯಿತು. ಕೆಲಸ ಶುರುವಾದಾಗ ಅತ್ತಿಗೆಯ ಕೈಯಲ್ಲಿದ್ದದ್ದು ಆಪರೇಷನ್ ಥಿಯೇಟರಿನಿಂದ ಬಂದ ಬಟ್ಟೆ. ನಾದಿನಿ ಮತ್ತೇನೋ ಅಂದರು. ಅತ್ತಿಗೆ ಆ ಬಟ್ಟೆಯನ್ನು ಬಿಚ್ಚದೆ, ನೋಡದೆ, ಉಂಡೆಮಾಡಿ ಮೇಜಿನಾಚೆ ಬೀಸಿ ಎಸೆದರು. "ತಗೋ, ನೀನೇ ದೊಡ್ಡ ಜಾಣೆ ಅಲ್ವಾ, ನೀನೇ ನೋಡ್ಕೋ!" ಬಂದದ್ದನ್ನು ಹಿಡಿಯುವುದು ಕೈಗಳ ಸ್ವಭಾವ. ನಾದಿನಿ ಹಿಡಿದರು. ಒಳಗಿದ್ದ ಬಾಗುಸೂಜಿ ಗ್ಲೌಸ್ ಹರಿದು ಹೆಬ್ಬೆರಳ ಬುಡಕ್ಕೆ ಇಳಿಯಿತು. ಕೀವಾಯಿತು, ಕೊಯ್ದರು, ಮತ್ತೆ ಕೊಯ್ದರು. ಕೊನೆಗೆ ಬೆರಳು ಉಳಿಯಿತು, ಅದರ ಗೆಣ್ಣು ಮಾತ್ರ ಮತ್ತೆ ಮಡಚಲಿಲ್ಲ.

ಪುಟ್ಟಿ ಚರ್ಚಿನಲ್ಲಿ ಕೀಬೋರ್ಡು ನುಡಿಸುತ್ತಿದ್ದರು. ಅವರಿಗೆ ಇದ್ದ ಒಂದೇ ಒಂದು ಸಂತೋಷ ಅದು. "ದುಡ್ಡಿಲ್ಲದ ಮನೇಲಿ, ಮೇಷ್ಟ್ರಿಲ್ಲದೆ, ಬರೀ ಕಿವೀಲಿ ಕೇಳಿ ಕಲ್ತಿದ್ಲು ಮೇಡಂ. ಅವಳು ನುಡಿಸೋಕೆ ಕೂತ್ರೆ ನನ್ನಂಥ ಬಾಯಿಬಡುಕಿಯೂ ತೆಪ್ಪಗಾಗ್ತಿದ್ದೆ." ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದನ್ನು ದಿನಾ ಎದುರಿನ ಮೇಜಿನಲ್ಲಿ ನೋಡುತ್ತಾ ಬದುಕುವುದು ಹೇಗಿರುತ್ತದೆ ಎಂದು ನನಗೆ ಊಹಿಸಲೂ ಆಗಲಿಲ್ಲ. ಅವತ್ತು ಕೋಣೆಯಲ್ಲಿ ಅವರಿಬ್ಬರೇ ಇದ್ದದ್ದರಿಂದ ಲಾಂಡ್ರಿಯಲ್ಲಿ ಯಾರಿಗೂ ಈ ಕಥೆ ಗೊತ್ತಿರಲಿಲ್ಲ. ಪುಟ್ಟಿ ಎಲ್ಲರಿಗೂ ಹೇಳಿದ್ದು ನನಗೆ ಹೇಳಿದ ಅಷ್ಟೇ ಮಾತು: ಬಟ್ಟೆಯಲ್ಲಿ ಸೂಜಿ ಇತ್ತು, ಚುಚ್ಚಿತು. ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಸಂಜೆ ಕುಕ್ಕರಕ್ಕ ಮನೆಗೆ ಹೋಗಲಿಲ್ಲ. ಹೊಸಬಳ ಮನೆ ಹುಡುಕಿಕೊಂಡು ಹೊರಟರು. ಅದೊಂದು ಅವರ ಕಟ್ಟುನಿಟ್ಟು: ಬೈದ ದಿನವೇ, ಮಲಗುವ ಮುಂಚೆ, ಹೋಗಿ ತಪ್ಪಾಯಿತು ಅನ್ನಬೇಕು. ಹೊಲಿಗೆ ಅಂಗಡಿಯ ಮೇಲೆ ಅವಳ ಮನೆ, ಕಿರಿದಾದ ಕಬ್ಬಿಣದ ಮೆಟ್ಟಿಲು. ಜೊತೆಗೆ ಹೋದ ನಾನು ಕೆಳಗೇ ನಿಂತೆ. ಬಾಗಿಲು ಅರ್ಧ ತೆರೆದ ಸದ್ದು, ಆಮೇಲೆ ಈ ಮಾತುಗಳು ಕೇಳಿಸಿದವು.

"ಬೈದಿದ್ದು ತಪ್ಪು ಕಣಮ್ಮಾ. ಕೈ ಎತ್ತಿದ್ದು ಇನ್ನೂ ದೊಡ್ಡ ತಪ್ಪು. ಕೈ ತೂರಿಸ್ಬೇಡ ಅಂದಿದ್ದು ಮಾತ್ರ ತಪ್ಪಲ್ಲ."

"ಇದು ತಪ್ಪಾಯ್ತು ಅನ್ನೋ ರೀತಿನಾ ಅಕ್ಕಾ?"

"ನಂಗೆ ಬರೋದೇ ಇಷ್ಟು."

"ಇನ್ಮೇಲೆ ಬೈಯಲ್ಲ ಅಂತ ಮಾತು ಕೊಡಿ, ಬರ್ತೀನಿ."

ಹೂಂ ಅಂದುಬಿಡಿ ತಾಯಿ ಎಂದು ನಾನು ಕೆಳಗಿನಿಂದ ಮನಸ್ಸಿನಲ್ಲೇ ಗೋಗರೆಯುತ್ತಿದ್ದೆ. ಒಂದು ಸಣ್ಣ ಮಾತು, ಯಾರು ಪರೀಕ್ಷೆ ಮಾಡುತ್ತಾರೆ? "ಅದು ಕೊಡಕ್ಕಾಗಲ್ಲ" ಎಂದರು ಕುಕ್ಕರಕ್ಕ. "ಕೊಟ್ರೆ ಸುಳ್ಳಾಗುತ್ತೆ. ದೇವರಿಗೇ ಎಷ್ಟು ಸಲ ಕೊಟ್ಟು ಮುರಿದಿದೀನಿ, ನಿಂಗೆ ಕೊಟ್ಟಿದ್ದನ್ನೇನು ಉಳಿಸ್ಕೊಳ್ಳಲಿ? ಕೈ ಎತ್ತಲ್ಲ, ಅದು ಕೊಡ್ತೀನಿ. ಬಾಯಿ ಜಾರಿದ್ರೆ ಅವತ್ತೇ ಈ ಮೆಟ್ಟಿಲು ಹತ್ತಿ ಬರ್ತೀನಿ, ಅದೂ ಕೊಡ್ತೀನಿ." ಬಾಗಿಲು ಮುಚ್ಚಿಕೊಂಡಿತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, "ನೋಡೋಣ ಅಂದ್ಲು" ಎಂದರು.

ಭಾನುವಾರ ಅವರ ಜೊತೆ ಚರ್ಚಿಗೆ ಹೋದೆ. ಬಿಳಿ ಸುಣ್ಣದ ಸಣ್ಣ ಕಟ್ಟಡ, ಮರದ ಬೆಂಚುಗಳು, ಗೇಟಿನ ಪಕ್ಕ ಸ್ಕೂಟರುಗಳ ಸಾಲು. ಕೀಬೋರ್ಡಿನ ಮುಂದೆ ಬೇರೆ ಯಾರೋ ಇದ್ದಾರೆ. ಪುಟ್ಟಿ ಹಾಡುವವರ ಸಾಲಿನಲ್ಲಿ ನಿಂತಿದ್ದಾರೆ. ಅತ್ತಿಗೆ ಕೊನೆಯ ಬೆಂಚಿನಲ್ಲಿ, ಸುರಿಯುವ ಕಣ್ಣೀರಿಗೆ ಕರವಸ್ತ್ರವನ್ನೂ ಹಿಡಿಯದೆ ಕೂತಿದ್ದಾರೆ. ನಾನು ಅಂಥ ಭಕ್ತೆಯೇನಲ್ಲ. ಆದರೂ ಅವರ ಪಕ್ಕಕ್ಕೆ ಸರಿದು ಕೂತೆ.

ಆರಾಧನೆ ಮುಗಿದ ಮೇಲೆ ಗೇಟಿನ ಬಳಿ ಪುಟ್ಟಿ ನನ್ನ ಹತ್ತಿರ ಬಂದು ತಾವಾಗಿಯೇ ಮಾತಾಡಿದರು. "ಅತ್ತಿಗೆ ಎಲ್ಲ ಹೇಳಿದ್ರಂತೆ. ಒಂದು ಅವರು ಹೇಳಿರಲ್ಲ. ನನಗೆ ಹಾಗಾದ ಮೇಲೆ ಅವರು ಚರ್ಚಿನ ಒಳಗೆ ಬರೋದು ಬಿಟ್ರು. ಪ್ರತಿ ಭಾನುವಾರ ಬರ್ತಿದ್ರು, ಇಗೋ ಇಲ್ಲಿ ಸ್ಕೂಟರ್ ಪಕ್ಕ ನಿಲ್ತಿದ್ರು, ಮುಗಿದ ಮೇಲೆ ಮನೆಗೆ. ಒಂದೇ ಮನೇಲಿದ್ರೂ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ನಿಲ್ಲಲಿ, ಚೆನ್ನಾಗಿ ಬಿಸಿಲು ಕಾಯಲಿ ಅಂತಿದ್ದೆ. ಒಂದಿನ ಒಳಗೆ ಹಾಡ್ತಾ ಇದೀವಿ, ಕಿಟಕೀಲಿ ನೋಡ್ತೀನಿ, ಇವರು ಹೊರಗೆ ನಿಂತು ಅದೇ ಹಾಡನ್ನ ಹಾಡ್ತಿದಾರೆ. ನಂಗೆ ತಡೀಲಿಲ್ಲ. ಹಾಡು ನಡುವೆ ಬಿಟ್ಟು ಹೊರಗೆ ಹೋಗಿ ಕೇಳಿದೆ, ನೀವು ಬಿಸಿಲಲ್ಲಿ ನಿಂತ್ರೆ ನನ್ನ ಬೆರಳು ಮಡಚುತ್ತಾ ಅತ್ತಿಗೆ? ಒಳಗೆ ಬನ್ನಿ ಅಂದೆ."

ಅಂದರೆ ಅವತ್ತೇ ಕ್ಷಮಿಸಿದಿರಿ ಎಂದೆ ನಾನು, ಕಥೆಗೊಂದು ಮುಕ್ತಾಯ ಸಿಕ್ಕಿದ ಖುಷಿಯಲ್ಲಿ. ಪುಟ್ಟಿ ತಲೆಯಾಡಿಸಿದರು. "ಅದು ಒಂದು ದಿನದ ಕೆಲಸ ಅಲ್ಲ ಮೇಡಂ. ಈಗಲೂ ಒಂದೊಂದು ಸಲ ಆ ಕೀಬೋರ್ಡು ನೋಡಿದ್ರೆ ಹೊಟ್ಟೇಲಿ ಬೆಂಕಿ ಬೀಳುತ್ತೆ. ಆಗ ಮತ್ತೆ ಕ್ಷಮಿಸ್ತೀನಿ. ಅವರು ಮತ್ತೆ ಮತ್ತೆ ತಪ್ಪಾಯ್ತು ಅಂತಾರೆ, ನಾನು ಮತ್ತೆ ಮತ್ತೆ ಆಯ್ತು ಅಂತೀನಿ. ನಮ್ಮಿಬ್ಬರ ಭಕ್ತಿ ಇಷ್ಟೇ." ಎಷ್ಟೋ ದೊಡ್ಡ ವೇದಿಕೆಗಳ ಮುಂದೆ ಕೂತು ಪ್ರೀತಿ, ಕ್ಷಮೆ ಎಂಬ ಮಾತುಗಳನ್ನು ಬರೆದುಕೊಂಡು ಬಂದಿದ್ದೇನೆ. ಅವು ದಿನಾ ಒಗೆದು ದಿನಾ ಮಡಚಬೇಕಾದ ಬಟ್ಟೆಯಂಥವು ಎಂದು ಯಾರೂ ಹೇಳಿರಲಿಲ್ಲ.

ಮನೆಗೆ ನಡೆದು ಹೋಗುವಾಗ ಕುಕ್ಕರಕ್ಕ ಒಬ್ಬ ಮೀನುಗಾರನ ಬಗ್ಗೆ ಹೇಳಿದರು. ಯೇಸುವಿನ ಶಿಷ್ಯರಲ್ಲಿ ಒಬ್ಬ. "ಅವನದೂ ನನ್ನ ಹಾಗೇ ಬಾಯಿ ಜೋರು, ಕೈ ಮುಂದು. ಯೇಸಪ್ಪನ್ನ ಹಿಡಿಯೋಕೆ ಬಂದೋರ ಮೇಲೆ ಕೋಪ ಬಂತು ಅಂತ ಕತ್ತಿ ಎಳೆದು ಒಬ್ಬನ ಕಿವೀನೇ ಕತ್ತರಿಸ್ಬಿಟ್ಟ. ಅದೇ ರಾತ್ರಿ ಮೂರು ಸಲ, ಯೇಸು ಯಾರೋ ನಂಗೆ ಗೊತ್ತೇ ಇಲ್ಲ ಅಂದ. ಅಂಥವನನ್ನ ಕರೆದು ಯೇಸಪ್ಪ, ನನ್ನ ಕುರಿಗಳನ್ನ, ಅಂದ್ರೆ ನನ್ನ ಜನರನ್ನ, ನೀನು ನೋಡ್ಕೋ ಅಂದ. ಬೇರೆ ಒಳ್ಳೆಯವರು ಇರಲಿಲ್ವಾ? ಯಾಕೆ ಇವನಿಗೇ ಕೊಟ್ಟ ಅಂತ ನಂಗೆ ಇವತ್ತಿಗೂ ತಲೆಗೆ ಹತ್ತಿಲ್ಲ." ನಾಲ್ಕು ಹೆಜ್ಜೆ ಹೋಗಿ ನಿಂತರು. "ಆ ಕಿವೀನ ಯೇಸಪ್ಪ ಮುಟ್ಟಿ ವಾಸಿ ಮಾಡಿಬಿಟ್ಟ. ಪುಟ್ಟಿ ಬೆರಳು ಮುಟ್ಟಲಿಲ್ಲ. ಆ ಜಗಳ ನಂಗೂ ಅವನಿಗೂ ಇನ್ನೂ ಇದೆ. ಜಗಳ ಇದ್ರೂ ಬಿಟ್ಟು ಹೋಗೋಕಾಗಲ್ಲ. ನಾನು ಬೀಳದೇ ನಿಂತಿರೋದೇ ಅವನನ್ನ ಹಿಡ್ಕೊಂಡು."

ಹಾಗಾದರೆ ನಾಳೆ ಏನು ಹೇಳುತ್ತೀರಿ ಎಂದು ಕೇಳಿದೆ. "ಬೇಡ ಅಂತೀನಿ" ಎಂದರು. "ಅವನು ಮೀನುಗಾರ, ಗಂಡಾಳು, ಧೈರ್ಯ ಇತ್ತು. ನಂಗಿಲ್ಲ. ಆ ಹೊಸ ಹುಡುಗಿ ಬರಲ್ಲ, ನೋಡ್ತಿರಿ."

ಸೋಮವಾರ ಬೆಳಿಗ್ಗೆ ನಾನು ಹೋದಾಗ ಮೊದಲ ಟ್ರಾಲಿ ಇಳಿದಾಗಿತ್ತು. ಹೊಸಬಳ ಮೇಜು ಖಾಲಿ, ಏಪ್ರನ್ ಶನಿವಾರ ಇಟ್ಟ ಹಾಗೆಯೇ ಇದೆ. ಕುಕ್ಕರಕ್ಕ ಬಾಯಿ ಬಿಡದೆ ಬಟ್ಟೆ ಬಿಚ್ಚುತ್ತಿದ್ದಾರೆ. ಬಾಗಿಲ ಕಡೆ ನೋಡಬಾರದೆಂದು ಎಷ್ಟು ಹಟ ಹಿಡಿದಿದ್ದಾರೆ ಎಂಬುದು ಅವರ ಕತ್ತಿನಿಂದಲೇ ಗೊತ್ತಾಗುತ್ತಿದೆ. ಎರಡನೆಯ ಟ್ರಾಲಿಯ ಹಿಂದೆ ಹೊಸಬಳು ಬಂದಳು. ಯಾರನ್ನೂ ಮಾತಾಡಿಸದೆ ಏಪ್ರನ್ ಕಟ್ಟಿಕೊಂಡು ಗ್ಲೌಸ್ ಹಾಕಿಕೊಂಡಳು. ಮೂಟೆ ಮುಟ್ಟಲಿಲ್ಲ. ನೇರ ಕುಕ್ಕರಕ್ಕನ ಮೇಜಿನೆದುರು ಬಂದು ನಿಂತಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಯ್ಬೇಡಿ. ಅವತ್ತು ನೀವು ಕೂಗ್ದಾಗ ನಿಮ್ಮ ಮುಖ ನೋಡ್ದೆ. ಅದು ಬರೀ ಕೋಪ ಅಲ್ಲ. ನೀವು ಹೆದರಿದ್ರಿ. ಒಂದು ಬಟ್ಟೆ ಮೂಟೆಗೆ ಯಾಕಷ್ಟು ಹೆದರ್ತೀರಾ?"

ಕುಕ್ಕರಕ್ಕ ಹಿಡಿದಿದ್ದ ಬಟ್ಟೆಯ ಮೂಲೆ ಕೈಯಲ್ಲೇ ಉಳಿಯಿತು. ಆಚೆ ಬದಿಯಲ್ಲಿ ಪುಟ್ಟಿ ಮಡಚುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಒಂದು ಸುಳ್ಳಿನಿಂದ ಮುಚ್ಚುವುದು ಆ ಗಳಿಗೆಯಲ್ಲಿ ಎಷ್ಟು ಸುಲಭವಿತ್ತು! ಎಲ್ಲ ಹೇಳಿದರೆ ನಾಳೆಯಿಂದ ಈ ಕೋಣೆಯಲ್ಲಿ ಅವರನ್ನು ಯಾರು ಹೇಗೆ ನೋಡುತ್ತಾರೋ. ಅವರ ತುಟಿ ಒಮ್ಮೆ ಅಲುಗಿತು. ಶನಿವಾರ ಬಟ್ಟೆಯ ಸಾಲುಗಳ ನಡುವೆ ಕೇಳಿದ ಅದೇ ಪಿಸುಮಾತಿರಬೇಕು. ಆಮೇಲೆ ಕತ್ತು ತಿರುಗಿಸಿ ಕರೆದರು. "ಪುಟ್ಟೀ, ಸ್ವಲ್ಪ ಇಲ್ಲಿ ಬಾ."

ಪುಟ್ಟಿ ಬಂದರು. ಕುಕ್ಕರಕ್ಕ ತಮ್ಮ ಗ್ಲೌಸ್ ಬಿಚ್ಚಿಟ್ಟು, ನಾದಿನಿಯ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಎತ್ತಿದರು. "ಈ ಬೆರಳು ನೋಡಿದೀರಲ್ಲ ಎಲ್ಲರೂ. ಸೂಜಿ ಚುಚ್ತು ಅಂತ ಇವಳು ಹೇಳ್ತಾಳೆ. ಸೂಜಿ ತಾನಾಗೇ ಬರಲಿಲ್ಲ. ಬಿಚ್ಚಿ ನೋಡದೆ, ಕೋಪದಲ್ಲಿ, ಬಟ್ಟೆ ಎತ್ತಿ ಇವಳ ಮೇಲೆ ಎಸೆದೋಳು ನಾನು." ಇಸ್ತ್ರಿ ಮಾಡುವವರೂ ಬಾಗಿಲಿಗೆ ಬಂದು ನಿಂತಿದ್ದರು. ಕುಕ್ಕರಕ್ಕ ಕೀಬೋರ್ಡಿನ ವಿಷಯವನ್ನೂ ಬಿಡಲಿಲ್ಲ. ಧ್ವನಿ ಒಂದೆರಡು ಕಡೆ ಒಡೆಯಿತು, ಮಾತು ನಿಲ್ಲಲಿಲ್ಲ. ಅಷ್ಟು ಜೋರು ಬಾಯಿ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅಲ್ಲಿದ್ದ ಯಾರೂ ಹಿಂದೆ ಕೇಳಿರಲಿಲ್ಲ.

ಮುಗಿದ ಮೇಲೆ ಪುಟ್ಟಿಯೇ ಹೇಳಿದರು. "ಪೂರ್ತಿ ಹೇಳಿ ಅತ್ತಿಗೆ. ಅವತ್ತಿಂದ ನಿಮ್ಮ ಮೇಜಿನ ಬಟ್ಟೇಲಿ ಯಾರಿಗೂ ಒಂದು ಸೂಜಿ ಚುಚ್ಚಿಲ್ಲ, ಅದನ್ನೂ ಹೇಳಿ." ಕುಕ್ಕರಕ್ಕ ಅದನ್ನು ಹೇಳಲಿಲ್ಲ. ನನ್ನ ಕಡೆ ತಿರುಗಿ, "ಇನ್ನು ಬರ್ಕೊಳ್ಳಿ ಮೇಡಂ" ಎಂದರು. ನಾನು ಪೆನ್ನು ಹಿಡಿದಿದ್ದೆ ನಿಜ. ಬರೆಯದೆ ಅದನ್ನು ಮುಚ್ಚಿಟ್ಟೆ. ದೊಡ್ಡವರೆನಿಸಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ, ಯಾರೆದುರಿಗೂ ಹೀಗೆ ಪೆನ್ನು ಮುಚ್ಚಿಟ್ಟಿರಲಿಲ್ಲ.

ಹೊಸಬಳು ಕಣ್ಣೊರೆಸಿಕೊಂಡು ಮೇಜಿಗೆ ಇನ್ನೂ ಹತ್ತಿರ ಬಂದಳು. ಕುಕ್ಕರಕ್ಕ ಮತ್ತೆ ಗ್ಲೌಸ್ ಹಾಕಿಕೊಂಡು, ಹೊಸ ಮೂಟೆಯೊಂದನ್ನು ಅವಳ ಮುಂದೆ ಎಳೆದಿಟ್ಟರು. ಅವಳ ಕೈಯನ್ನು ಮೇಲಿನ ಬಟ್ಟೆಯ ಮೂಲೆಗೆ ತಂದಿಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು. "ಎರಡೇ ಬೆರಳು. ನಿನ್ನಿಂದ ಆಚೆಗೆ ಎಳಿ. ಹಾಂ, ಹಾಗೆ. ಈಗ ನಿಲ್ಲು, ನೋಡು. ಅವಸರ ಏನಿಲ್ಲ." ಪುಟ್ಟಿಯೂ ಹೊರಡದೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಹೊಸಬಳು ಎರಡನೆಯ ಮಡಿಕೆಯನ್ನು ಗಬಕ್ಕನೆ ಎಳೆದಳು. ಕುಕ್ಕರಕ್ಕನ ಮುಖ ಕೆಂಪಾಯಿತು, ಬಾಯಿ ತೆರೆಯಿತು, ಎಲ್ಲರೂ ಉಸಿರು ಬಿಗಿಹಿಡಿದೆವು. ಅವರು ಉಗುಳು ನುಂಗಿ, "ಇನ್ನೊಂದು ಸಲ" ಎಂದರು.

ಅಷ್ಟರಲ್ಲಿ ಮೇಲ್ವಿಚಾರಕರು ಬಂದರು. ಏನು ನಡೆಯಿತೆಂದು ಅವರಿಗೆ ಗೊತ್ತಿಲ್ಲ. ಗುಂಪು ನೋಡಿ ಹುಬ್ಬೇರಿಸಿ, ಕುಕ್ಕರಕ್ಕನ ಬೆನ್ನ ಹಿಂದೆ ನಿಂತು ಕೇಳಿದರು. "ಇವತ್ತು ಸೋಮವಾರ ಅಮ್ಮಾ. ಏನು ತೀರ್ಮಾನ ಮಾಡಿದ್ರಿ?"

ಕುಕ್ಕರಕ್ಕ ತಿರುಗಿ ನೋಡಲಿಲ್ಲ. ಕಣ್ಣು ಹೊಸಬಳ ಬೆರಳುಗಳ ಮೇಲೆಯೇ ಇತ್ತು.

"ಆಮೇಲೆ ಬನ್ನಿ ಸರ್. ಕಲಿಸ್ತಾ ಇದೀನಿ."